ಪಿಟಿಎಸ್‌ಡಿ ಮತ್ತು ಮೆದುಳಿನ ಅಲೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಅಪಘಾತ, ಹಲ್ಲೆ, ಲೈಂಗಿಕ ದೌರ್ಜನ್ಯ, ಯುದ್ಧ, ನೆರೆ, ಭೂಕಂಪ. ಇಂಥದ್ದನ್ನು ದಾಟಿ ಬಂದ ಎಷ್ಟೋ ಜನರಿಗೆ ಒಂದು ಪ್ರಶ್ನೆ ಕಾಡುತ್ತದೆ: "ನನ್ನ ತಲೆಯೊಳಗೆ ಏನೋ ಬದಲಾಗಿದೆ. ಅದನ್ನು ಮೆಷಿನ್‌ನಲ್ಲಿ ನೋಡೋಕೆ ಆಗುತ್ತಾ?" ಸ್ವಲ್ಪ ಮಟ್ಟಿಗೆ ಆಗುತ್ತದೆ. ಆದರೆ ಮೆದುಳಿನ ಅಲೆಗಳನ್ನಷ್ಟೇ ನೋಡಿ ಒಬ್ಬ ವ್ಯಕ್ತಿಗೆ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ) ಇದೆ ಅಥವಾ ಇಲ್ಲ ಅಂತ ತೀರ್ಪು ಕೊಡಲು ಇವತ್ತಿಗೂ ಆಗುವುದಿಲ್ಲ. ಈ ಎರಡೂ ಮಾತು ಒಟ್ಟಿಗೇ ಹೇಗೆ ನಿಜ ಅನ್ನುವುದನ್ನು ಬಿಡಿಸಿ ಹೇಳಬೇಕು ಅನ್ನಿಸಿ ಇದನ್ನು ಬರೆದಿದ್ದೇನೆ.

ಮೊದಲಿಗೆ, ಪಿಟಿಎಸ್‌ಡಿ ಅಂದರೆ ಏನು?

ಜೀವಕ್ಕೋ ಮಾನಕ್ಕೋ ಕುತ್ತು ತಂದ ಘಟನೆಯೊಂದು ಮುಗಿದ ಮೇಲೂ ಮನಸ್ಸು ಮತ್ತು ಮೈ ಎರಡೂ ಅದರೊಳಗೇ ಸಿಕ್ಕಿಕೊಂಡಿರುವ ಸ್ಥಿತಿ ಇದು. ಬೇಡವೆಂದರೂ ಆ ನೆನಪು ನುಗ್ಗಿ ಬರುತ್ತದೆ. ಅದನ್ನು ನೆನಪಿಸುವ ಜಾಗ, ಜನ, ಮಾತುಗಳಿಂದ ದೂರ ಓಡಬೇಕು ಅನ್ನಿಸುತ್ತದೆ. ತನ್ನ ಬಗ್ಗೆ, ಜಗತ್ತಿನ ಬಗ್ಗೆ ನಂಬಿಕೆ ಕುಸಿಯುತ್ತದೆ. ನಿದ್ದೆ ಕೆಡುತ್ತದೆ, ಸಣ್ಣ ಸದ್ದಿಗೂ ಮೈ ಬೆಚ್ಚುತ್ತದೆ. ಇವು ಒಂದು ತಿಂಗಳಿಗಿಂತ ಜಾಸ್ತಿ ಉಳಿದು ದಿನದ ಬದುಕಿಗೆ ಅಡ್ಡ ಬಂದರೆ ವೈದ್ಯರು ಪಿಟಿಎಸ್‌ಡಿ ಅಂತ ಯೋಚಿಸುತ್ತಾರೆ.

ಈ ಹೆಸರು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಗೆ ಸೇರಿದ್ದು 1980ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಶೇ. 70ರಷ್ಟು ಜನ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಘಟನೆ ಎದುರಿಸುತ್ತಾರೆ. ಅವರಲ್ಲಿ ಪಿಟಿಎಸ್‌ಡಿ ಆಗುವುದು ಶೇ. 5.6ರಷ್ಟು ಜನರಿಗೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ಮೆದುಳಿನ ಅಲೆ ಅಂತ ಕರೆಯುವುದು ಯಾವುದನ್ನು?

ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸುವಾಗ ತುಂಬಾ ಸಣ್ಣ ವಿದ್ಯುತ್ ಬದಲಾವಣೆ ಆಗುತ್ತದೆ. ಲಕ್ಷಾಂತರ ಕೋಶಗಳು ಒಂದೇ ಲಯದಲ್ಲಿ ಕೆಲಸ ಮಾಡಿದಾಗ ಮಾತ್ರ ಅದು ತಲೆಯ ಚರ್ಮದವರೆಗೂ ಮುಟ್ಟುತ್ತದೆ. ಆ ಹೊತ್ತಿಗೆ ಅದರ ಬಲ ಕೆಲವೇ ಹತ್ತು ಮೈಕ್ರೋವೋಲ್ಟ್. ಒಂದು ಮೈಕ್ರೋವೋಲ್ಟ್ ಅಂದರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲು. ತಲೆಗೆ ಎಲೆಕ್ಟ್ರೋಡ್ (ವಿದ್ಯುತ್ ಗ್ರಹಿಸುವ ಸಣ್ಣ ಲೋಹದ ಬಿಲ್ಲೆ) ಅಂಟಿಸಿ, ಈ ಏರಿಳಿತವನ್ನು ದೊಡ್ಡದು ಮಾಡಿ ಗೆರೆಗಳಾಗಿ ಬರೆಯುವ ಪರೀಕ್ಷೆಯೇ ಇಇಜಿ.

ಮನುಷ್ಯರ ಇಇಜಿಯನ್ನು ಮೊದಲು ದಾಖಲಿಸಿದ್ದು ಜರ್ಮನಿಯ ಯೆನಾ ಊರಿನ ಮನೋವೈದ್ಯ ಹ್ಯಾನ್ಸ್ ಬರ್ಗರ್, 1924ರಲ್ಲಿ. ಅದನ್ನು ಪ್ರಕಟಿಸಲು ಅವರು 1929ರವರೆಗೆ ಕಾದರು.

ಡೆಲ್ಟಾ, ಥೀಟಾ, ಆಲ್ಫಾ, ಬೀಟಾ, ಗಾಮಾ ಅಂತ ಯಾಕೆ ವಿಂಗಡಿಸುತ್ತಾರೆ?

ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಲೆಕ್ಕದ ಮೇಲೆ. ಅದನ್ನು ಹರ್ಟ್ಜ್‌ನಲ್ಲಿ ಹೇಳುತ್ತಾರೆ. 4ಕ್ಕಿಂತ ಕಡಿಮೆ ಇದ್ದರೆ ಡೆಲ್ಟಾ, ಗಾಢ ನಿದ್ದೆಯಲ್ಲಿ ಇದೇ ಜಾಸ್ತಿ. 4ರಿಂದ 8 ಥೀಟಾ. 8ರಿಂದ 12 ಅಥವಾ 13ರವರೆಗೆ ಆಲ್ಫಾ. ಅಲ್ಲಿಂದ 30ರವರೆಗೆ ಬೀಟಾ, ಅದಕ್ಕೂ ಮೇಲೆ ಗಾಮಾ.

"ಆಲ್ಫಾ ಅಂದರೆ ಶಾಂತಿ, ಬೀಟಾ ಅಂದರೆ ಟೆನ್ಷನ್" ಅನ್ನುವ ಮಾತು ಎಲ್ಲ ಕಡೆ ಹರಿದಾಡುತ್ತದೆ. ಅದನ್ನು ಅಷ್ಟು ಸರಳವಾಗಿ ನಂಬಬೇಡಿ. ಒಂದೇ ಲಯ ಮೆದುಳಿನ ಬೇರೆ ಬೇರೆ ಜಾಗದಲ್ಲಿ ಬೇರೆ ಬೇರೆ ಕೆಲಸಕ್ಕೆ ಬರುತ್ತದೆ. ಥೀಟಾವನ್ನೇ ನೋಡಿ: ತೂಕಡಿಸುವಾಗಲೂ ಹೆಚ್ಚುತ್ತದೆ, ಕಷ್ಟದ ಲೆಕ್ಕ ಬಿಡಿಸುವಾಗ ಹಣೆಯ ನಡುಭಾಗದಲ್ಲೂ ಹೆಚ್ಚುತ್ತದೆ.

ಪಿಟಿಎಸ್‌ಡಿ ಇರುವವರ ಅಲೆಗಳಲ್ಲಿ ಏನು ವ್ಯತ್ಯಾಸ ಕಂಡಿದೆ?

ತುಂಬಾ ಚರ್ಚೆಯಾಗಿರುವುದು ಆಲ್ಫಾ ಬಗ್ಗೆ. ನೀವು ಸುಮ್ನೆ ಕೂತು ಕಣ್ಣು ಮುಚ್ಚಿದರೆ ತಲೆಯ ಹಿಂಭಾಗದಲ್ಲಿ, ಅಂದರೆ ನೋಟವನ್ನು ಸಂಭಾಳಿಸುವ ಜಾಗದಲ್ಲಿ, ಆಲ್ಫಾ ಎದ್ದು ಕಾಣುತ್ತದೆ. ಕಣ್ಣು ಬಿಟ್ಟ ಕೂಡಲೇ ಕುಗ್ಗುತ್ತದೆ. ಇದನ್ನು ಬರ್ಗರ್ ಅವರೇ ಗಮನಿಸಿದ್ದರು. ಮೊದಮೊದಲು ಆಲ್ಫಾ ಅಂದರೆ ಮೆದುಳು ಸುಮ್ಮನಿರುವ ಗುರುತು ಅಂದುಕೊಂಡಿದ್ದರು. ಈಗಿನ ತಿಳಿವಳಿಕೆ ಬೇರೆ. ಆ ಹೊತ್ತಿಗೆ ಬೇಡವಾದ ನೋಟ, ಸದ್ದುಗಳನ್ನು ತಡೆದು ಹಿಡಿಯುವ ಕೆಲಸದಲ್ಲಿ ಆಲ್ಫಾಗೆ ದೊಡ್ಡ ಪಾತ್ರವಿದೆ. ಎಲ್ಲಿ ಆಲ್ಫಾ ಬಲವಾಗಿದೆಯೋ ಅಲ್ಲಿಗೆ ಹೊರಗಿನ ಸುದ್ದಿ ಕಡಿಮೆ ನುಗ್ಗುತ್ತದೆ.

ಪಿಟಿಎಸ್‌ಡಿ ಇರುವವರಲ್ಲಿ ವಿಶ್ರಾಂತಿಯ ಹೊತ್ತಿನ ಈ ಆಲ್ಫಾ ಕಡಿಮೆ ಇರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಇದನ್ನು ಆ ಜನರ ಅನುಭವದ ಪಕ್ಕ ಇಟ್ಟು ನೋಡಿ. ರೂಮಿನ ಮೂಲೆಯಲ್ಲಿ ಏನು ಅಲುಗಿತು, ಬಾಗಿಲ ಹೊರಗೆ ಯಾರು ನಡೆದರು, ಯಾವ ವಾಸನೆ ಬಂತು, ಎಲ್ಲವೂ ಒಳಗೆ ಬರುತ್ತದೆ, ಯಾವುದನ್ನೂ ಬಿಡಲು ಆಗುವುದಿಲ್ಲ. "ಕೂತರೂ ನೆಮ್ಮದಿ ಇಲ್ಲ" ಅಂತ ಅವರು ಹೇಳುವುದು ನಾಟಕವಲ್ಲ. ಕೂತಾಗಲೂ ತಡೆಯುವ ಲಯ ತಗ್ಗಿರಬಹುದು. ಬರೀ ಯೋಚನೆ ಬದಲಿಸಿಕೊಂಡರೆ ಸರಿಹೋಗುತ್ತದೆ ಅನ್ನುವವರು ಈ ಒಂದು ವಿಷಯವನ್ನಾದರೂ ತಿಳಿದುಕೊಂಡರೆ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ.

ಎಲ್ಲ ಅಧ್ಯಯನಗಳೂ ಇದನ್ನೇ ಕಂಡಿಲ್ಲ. ಅದು ಯಾಕೆ ಅನ್ನುವುದಕ್ಕೆ ಕೆಳಗೆ ಬೇರೆಯೇ ಉತ್ತರವಿದೆ. ಹಣೆಯ ಎಡ, ಬಲ ಭಾಗಗಳ ಆಲ್ಫಾ ವ್ಯತ್ಯಾಸವೇ ಪಿಟಿಎಸ್‌ಡಿಯ ಗುರುತು ಅನ್ನುವ ವಾದವೂ ಒಂದಿತ್ತು. ಆ ವಾದಕ್ಕೆ ಗಟ್ಟಿ ಬೆಂಬಲ ಸಿಕ್ಕಿಲ್ಲ.

ಬೀಟಾ ಜಾಸ್ತಿ ಇರುತ್ತದೆ ಅಂತಾರಲ್ಲ?

ಯುದ್ಧದಿಂದ ಬಂದ ಸೈನಿಕರ ಮೇಲಿನ ಕೆಲವು ಅಧ್ಯಯನಗಳಲ್ಲಿ ಹಾಗೆ ಕಂಡಿದೆ, ನಿಜ. ಮೆದುಳು ಸದಾ ಎಚ್ಚರದಲ್ಲಿದೆ ಅನ್ನುವುದಕ್ಕೆ ಅದು ಹೊಂದುತ್ತದೆ ಕೂಡ. ಆದರೆ ಇಲ್ಲಿ ಎರಡು ಅಡಚಣೆ ಇವೆ.

ಒಂದು, ಮಾಂಸಖಂಡ. ದವಡೆ ಬಿಗಿಹಿಡಿದರೆ, ಹುಬ್ಬು ಗಂಟಿಕ್ಕಿದರೆ, ಕತ್ತು ಸೆಟೆದಿದ್ದರೆ ಆ ಮಾಂಸಖಂಡಗಳ ವಿದ್ಯುತ್ ಸಂಕೇತವೂ ಎಲೆಕ್ಟ್ರೋಡ್‌ಗೆ ಸಿಗುತ್ತದೆ. ಅದು ಬೀಳುವುದು ಸರಿಯಾಗಿ ಬೀಟಾ ಮತ್ತು ಗಾಮಾ ಪಟ್ಟಿಯಲ್ಲಿ. ಪಿಟಿಎಸ್‌ಡಿ ಇರುವವರ ದವಡೆ, ಕತ್ತು ಬಿಗಿಯಾಗಿಯೇ ಇರುತ್ತವೆ ಅಲ್ವಾ? ಹಾಗಾಗಿ ಕಂಡದ್ದರಲ್ಲಿ ಮೆದುಳಿನದ್ದೆಷ್ಟು, ದವಡೆಯದ್ದೆಷ್ಟು ಅಂತ ಬೇರ್ಪಡಿಸುವುದು ಕಷ್ಟದ ಕೆಲಸ. ಇನ್ನೊಂದು, ಮಾತ್ರೆ. ಡಯಾಜೆಪಾಮ್, ಲೋರಾಜೆಪಾಮ್, ಕ್ಲೋನಾಜೆಪಾಮ್ ಥರದ ಮಾತ್ರೆಗಳು ತಾವೇ ಬೀಟಾ ಹೆಚ್ಚಿಸುತ್ತವೆ. ಅವುಗಳನ್ನು ತೆಗೆದುಕೊಳ್ಳುವವರ ಇಇಜಿಯಲ್ಲಿ ಬೀಟಾ ತುಂಬಿದ್ದರೆ ಅದು ಭಯದ ಗುರುತು ಆಗಬೇಕಿಲ್ಲ.

ಸಣ್ಣ ಸದ್ದಿಗೂ ಬೆಚ್ಚಿಬೀಳುವುದು ಇಇಜಿಯಲ್ಲಿ ಕಾಣುತ್ತದಾ?

ಮಾಮೂಲಿ ಇಇಜಿಯಲ್ಲಿ ಅಷ್ಟಾಗಿ ಇಲ್ಲ. ಅದಕ್ಕೆ ಬೇರೆ ವಿಧಾನ ಇದೆ. ಒಂದೇ ಸದ್ದನ್ನೋ ಚಿತ್ರವನ್ನೋ ಹತ್ತಾರು ಸಲ ಕೊಟ್ಟು, ಪ್ರತಿ ಸಲ ಮೆದುಳು ಕೊಟ್ಟ ಪ್ರತಿಕ್ರಿಯೆಗಳ ಸರಾಸರಿ ತೆಗೆಯುತ್ತಾರೆ. ಆಗ ಉಳಿದ ಗದ್ದಲ ಅಳಿಸಿ ಹೋಗಿ ಆ ಸದ್ದಿಗೆ ಬಂದ ಉತ್ತರವಷ್ಟೇ ಉಳಿಯುತ್ತದೆ.

ಎರಡು ಕ್ಲಿಕ್ ಸದ್ದುಗಳ ಪ್ರಯೋಗ ನನಗೆ ತುಂಬಾ ಅರ್ಥಪೂರ್ಣ ಅನ್ನಿಸುತ್ತದೆ. ಅರ್ಧ ಸೆಕೆಂಡಿನ ಅಂತರದಲ್ಲಿ ಎರಡು ಕ್ಲಿಕ್ ಕೇಳಿಸುತ್ತಾರೆ. ಸದ್ದಾದ ಸುಮಾರು 50 ಮಿಲಿಸೆಕೆಂಡಿಗೆ ಒಂದು ಸಣ್ಣ ಏರು ಬರುತ್ತದೆ. ಅದಕ್ಕೆ ಪಿ50 ಅಂತ ಹೆಸರು. ಸಾಮಾನ್ಯವಾಗಿ ಎರಡನೇ ಕ್ಲಿಕ್‌ಗೆ ಈ ಏರು ಚಿಕ್ಕದಾಗುತ್ತದೆ. "ಈಗ ತಾನೇ ಕೇಳಿದ್ದೇ, ಇದರಲ್ಲೇನೂ ಇಲ್ಲ" ಅಂತ ಮೆದುಳು ಬಿಟ್ಟುಬಿಡುತ್ತದೆ. ಪಿಟಿಎಸ್‌ಡಿ ಇರುವವರ ಗುಂಪುಗಳಲ್ಲಿ ಈ ಕುಗ್ಗುವಿಕೆ ಕಡಿಮೆ ಅಂತ ಹಲವು ಅಧ್ಯಯನಗಳು ಹೇಳುತ್ತವೆ. ಎರಡನೇ ಸದ್ದೂ ಹೊಸದೇ ಅನ್ನುವ ಹಾಗೆ ಮೆದುಳು ಅದನ್ನು ತೆಗೆದುಕೊಳ್ಳುತ್ತದೆ. ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆಯಲ್ಲೂ ಇದೇ ಥರದ ಬದಲಾವಣೆ ಕಾಣುವುದರಿಂದ ಇದು ಪಿಟಿಎಸ್‌ಡಿಗೆ ಮಾತ್ರ ಸೇರಿದ ಗುರುತಲ್ಲ.

ಇನ್ನೊಂದು ಪಿ300, 1965ರಿಂದ ಗೊತ್ತಿರುವುದು. ನಾವು ಗಮನ ಕೊಟ್ಟು ಕಾಯುತ್ತಿದ್ದ ವಿಷಯ ಬಂದಾಗ ಸುಮಾರು 300 ಮಿಲಿಸೆಕೆಂಡಿಗೆ ಕಾಣುವ ದೊಡ್ಡ ಏರು. ಮಾಮೂಲಿ ಕೆಲಸ ಕೊಟ್ಟಾಗ ಪಿಟಿಎಸ್‌ಡಿ ಇರುವವರಲ್ಲಿ ಇದು ಸಣ್ಣದಾಗಿಯೂ, ಆಘಾತಕ್ಕೆ ಸಂಬಂಧಿಸಿದ ಚಿತ್ರವೋ ಪದವೋ ನಡುವೆ ಬಂದಾಗ ದೊಡ್ಡದಾಗಿಯೂ ಕಂಡಿದೆ. ಗಮನ ಎನ್ನುವುದು ಇರುವುದೇ ಅಷ್ಟು, ಅದರಲ್ಲಿ ದೊಡ್ಡ ಪಾಲನ್ನು ಅಪಾಯದ ಹುಡುಕಾಟ ಕಸಿದುಕೊಳ್ಳುತ್ತಿದೆ. ಓದಿದ್ದು ತಲೆಗೆ ಹತ್ತುವುದಿಲ್ಲ, ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ ಅನ್ನುವ ದೂರಿಗೆ ಇಲ್ಲೊಂದು ಕಾರಣ ಸಿಗುತ್ತದೆ.

ನಿದ್ದೆಯಲ್ಲಿ ಅಲೆಗಳು ಹೇಗಿರುತ್ತವೆ? ಕೆಟ್ಟ ಕನಸು ಯಾಕೆ ಇಷ್ಟು?

ಇಡೀ ವಿಷಯದಲ್ಲಿ ಜನರನ್ನು ತುಂಬಾ ದಣಿಸುವುದು ಇದು.

ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಮೊದಲು ತೆಳು ನಿದ್ದೆ, ಆಮೇಲೆ ದೊಡ್ಡ ದೊಡ್ಡ ಡೆಲ್ಟಾ ಅಲೆಗಳ ಗಾಢ ನಿದ್ದೆ, ಆಮೇಲೆ ಕಣ್ಣುಗುಡ್ಡೆ ಮುಚ್ಚಿದ ರೆಪ್ಪೆಯೊಳಗೇ ಓಡಾಡುವ ರೆಮ್ ನಿದ್ದೆ. ರೆಮ್ ಹೊತ್ತಿನ ಇಇಜಿ ಎಚ್ಚರದ ಇಇಜಿಯನ್ನೇ ಹೋಲುತ್ತದೆ. ಎದ್ದ ಮೇಲೂ ಕಣ್ಣಿಗೆ ಕಟ್ಟಿದ ಹಾಗೆ ಉಳಿಯುವ ಕನಸುಗಳು ಹೆಚ್ಚಾಗಿ ಆಗ ಬೀಳುತ್ತವೆ.

ಪಿಟಿಎಸ್‌ಡಿ ಇರುವವರ ನಿದ್ದೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತೆಳು ನಿದ್ದೆ ಜಾಸ್ತಿ, ಡೆಲ್ಟಾ ನಿದ್ದೆ ಕಡಿಮೆ, ರೆಮ್ ಹೊತ್ತಿನಲ್ಲಿ ಕಣ್ಣಿನ ಚಲನೆ ಹೆಚ್ಚು ಅಂತ ಕಂಡಿದೆ. ರೆಮ್ ನಿದ್ದೆ ನಡುನಡುವೆ ಮುರಿಯುವುದನ್ನೂ ಗಮನಿಸಿದ್ದಾರೆ. ಭಾವನೆ ತುಂಬಿದ ನೆನಪುಗಳನ್ನು ಹದಗೊಳಿಸುವುದರಲ್ಲಿ ರೆಮ್‌ಗೆ ಪಾತ್ರವಿದೆ ಅಂತ ಬಹಳ ಸಂಶೋಧಕರು ಭಾವಿಸುತ್ತಾರೆ. ಆ ಕೆಲಸ ಅರ್ಧಕ್ಕೇ ನಿಂತರೆ ನೆನಪಿನ ಮೊನಚು ಹಾಗೇ ಉಳಿಯಬಹುದು. ಇದು ಇನ್ನೂ ಪೂರ್ತಿ ಸಾಬೀತಾದ ಮಾತಲ್ಲ, ಆದರೆ ಗಂಭೀರವಾಗಿ ತೆಗೆದುಕೊಳ್ಳಬೇಕಾದ ಮಾತು.

ಒಂದು ವಿಚಿತ್ರವೂ ಇದೆ. ಮನೆಯಲ್ಲಿ ದಿನಾ ಕೆಟ್ಟ ಕನಸು ಕಾಣುವ ಎಷ್ಟೋ ಜನ ನಿದ್ದೆಯ ಲ್ಯಾಬಿನಲ್ಲಿ ಮಲಗಿದಾಗ ಆ ಕನಸೇ ಬರುವುದಿಲ್ಲ. ಯಾರೋ ಎಚ್ಚರವಾಗಿದ್ದು ನನ್ನನ್ನು ನೋಡಿಕೊಳ್ಳುತ್ತಿದ್ದಾರೆ ಅನ್ನುವ ಧೈರ್ಯ ಇದಕ್ಕೆ ಕಾರಣ ಇರಬಹುದು. ಲ್ಯಾಬಿನ ವರದಿ ಚೆನ್ನಾಗಿ ಬಂತು ಅಂತ ಮನೆಯ ರಾತ್ರಿಗಳನ್ನು ಯಾರೂ ತಳ್ಳಿಹಾಕಬಾರದು.

ನಿದ್ದೆಗೆ ಪ್ರತ್ಯೇಕ ಚಿಕಿತ್ಸೆ ಇದೆ ಅನ್ನುವುದು ಬಹಳ ಜನರಿಗೆ ಗೊತ್ತೇ ಇಲ್ಲ. ನಿದ್ದೆಯ ಅಭ್ಯಾಸಗಳನ್ನು ಹಂತಹಂತವಾಗಿ ಸರಿಪಡಿಸುವ ನಡವಳಿಕೆ ಚಿಕಿತ್ಸೆ ಒಂದು. ಕೆಟ್ಟ ಕನಸಿನ ಕಥೆಯನ್ನು ಹಗಲಿನಲ್ಲಿ ಬೇರೆ ಥರ ಬರೆದು, ಹೊಸ ಕಥೆಯನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಓಡಿಸುವ ವಿಧಾನ ಇನ್ನೊಂದು. ಪ್ರಾಜೋಸಿನ್ ಅನ್ನುವ ಮಾತ್ರೆಯ ಬಗ್ಗೆ ಮೊದಲ ಸಣ್ಣ ಅಧ್ಯಯನಗಳು ಆಸೆ ಹುಟ್ಟಿಸಿದ್ದವು. 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅದು ಸುಳ್ಳುಮಾತ್ರೆಗಿಂತ (ಔಷಧವೇ ಇಲ್ಲದ ಮಾತ್ರೆ) ಹೆಚ್ಚೇನೂ ಮಾಡಲಿಲ್ಲ. ಕೆಲವರಿಗೆ ಉಪಯೋಗ ಆಗುವುದುಂಟು, ವೈದ್ಯರು ನೋಡಿ ಕೊಡುತ್ತಾರೆ.

ಫ್ಲಾಷ್‌ಬ್ಯಾಕ್ (ಹಳೆಯ ಘಟನೆ ಈಗಲೇ ನಡೆಯುತ್ತಿದೆ ಅನ್ನಿಸುವುದು) ಬಂದಾಗ ಅದು ಫಿಟ್ಸ್ ಇರಬಹುದಾ?

ಒಳ್ಳೆಯ ಪ್ರಶ್ನೆ, ಯಾಕೆಂದರೆ ಇಇಜಿ ನಿಜವಾಗಿ ಕೈಹಿಡಿಯುವುದು ಇಲ್ಲೇ. ಮೆದುಳಿನ ಪಕ್ಕದ ಭಾಗದಲ್ಲಿ ಹುಟ್ಟುವ ಫಿಟ್ಸ್ ಕೆಲವೊಮ್ಮೆ ಕೈಕಾಲು ಅದುರದೆ, ಬರೀ ಹಠಾತ್ ಭಯ, ಹಳೆಯ ನೆನಪು, ವಿಚಿತ್ರ ವಾಸನೆ, ದಿಟ್ಟ ನೋಟದ ರೂಪದಲ್ಲಿ ಬರುತ್ತದೆ. ನೋಡುವವರಿಗೆ ಫ್ಲಾಷ್‌ಬ್ಯಾಕ್ ಹಾಗೇ ಕಾಣಬಹುದು. ಇದರ ತಿರುಗುಮುರುಗೂ ಉಂಟು. ಆಘಾತಕ್ಕೆ ಒಳಗಾದವರಲ್ಲಿ ಮೈ ಅದುರಿ ಬೀಳುವ, ಆದರೆ ಇಇಜಿಯಲ್ಲಿ ಮೂರ್ಛೆರೋಗದ ಗುರುತೇ ಇಲ್ಲದ ದಾಳಿಗಳು ಬರುತ್ತವೆ. ಇವು ಬೇಕಂತ ಮಾಡುವುದಲ್ಲ. ಫಿಟ್ಸ್ ಮಾತ್ರೆ ಅವಕ್ಕೆ ಕೆಲಸ ಮಾಡುವುದಿಲ್ಲ, ಮಾನಸಿಕ ಚಿಕಿತ್ಸೆ ಬೇಕು. ಎರಡನ್ನೂ ಬೇರ್ಪಡಿಸಲು ವಿಡಿಯೋ ಜೊತೆಗಿನ ದೀರ್ಘ ಇಇಜಿ ಮಾಡುತ್ತಾರೆ.

ಪ್ರಜ್ಞೆ ತಪ್ಪುವುದು, ನಾಲಿಗೆ ಕಚ್ಚಿಕೊಳ್ಳುವುದು, ದಾಳಿಯ ನಂತರ ತುಂಬಾ ಹೊತ್ತು ಮಂಕಾಗಿರುವುದು, ಹಿಂದೆ ತಲೆಗೆ ಪೆಟ್ಟು ಬಿದ್ದಿರುವುದು. ಇವುಗಳಲ್ಲಿ ಯಾವುದಿದ್ದರೂ ನ್ಯೂರಾಲಜಿಸ್ಟ್ ಹತ್ತಿರ ಹೇಳಲೇಬೇಕು.

ಭಯದ ಕೇಂದ್ರ ಅಮಿಗ್ಡಾಲಾ ಅಂತಾರೆ. ಇಇಜಿಯಲ್ಲಿ ಅದು ಕಾಣುತ್ತದಾ?

ನೇರವಾಗಿ ಕಾಣುವುದಿಲ್ಲ. ಅಮಿಗ್ಡಾಲಾ ಮೆದುಳಿನ ಆಳದಲ್ಲಿದೆ. ಇಇಜಿಗೆ ಸಿಗುವುದು ಬಹುಪಾಲು ಮೇಲ್ಪದರದ ಚಟುವಟಿಕೆ, ಅದೂ ತಲೆಬುರುಡೆ ದಾಟಿ ಮಸುಕಾಗಿ ಬಂದದ್ದು. ತುಂಬಿದ ಸಭಾಂಗಣದ ಹೊರಗೆ ನಿಂತು ಗೋಡೆಗೆ ಕಿವಿಯಿಟ್ಟ ಹಾಗೆ: ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದರೆ ತಕ್ಷಣ ಗೊತ್ತಾಗುತ್ತದೆ, ಒಳಮೂಲೆಯ ಒಬ್ಬರ ಪಿಸುಮಾತು ಗೊತ್ತಾಗುವುದಿಲ್ಲ. ಜಾಗ ಗುರುತಿಸುವುದರಲ್ಲಿ ಎಂಆರ್‌ಐ ಮುಂದೆ, ಮಿಲಿಸೆಕೆಂಡುಗಳ ವೇಗ ಹಿಡಿಯುವುದರಲ್ಲಿ ಇಇಜಿ ಮುಂದೆ.

ಹಾಗಾದರೆ ಇಇಜಿ ಮಾಡಿಸಿ ಪಿಟಿಎಸ್‌ಡಿ ಇದೆಯಾ ಅಂತ ತಿಳಿಯಬಹುದಾ?

ಇಲ್ಲ.

ಮೇಲೆ ಹೇಳಿದ ಎಲ್ಲ ವ್ಯತ್ಯಾಸಗಳೂ ಗುಂಪುಗಳ ಸರಾಸರಿ. ಪಿಟಿಎಸ್‌ಡಿ ಇರುವ ಐವತ್ತು ಜನರ ಸರಾಸರಿ ಆಲ್ಫಾ, ಇಲ್ಲದ ಐವತ್ತು ಜನರ ಸರಾಸರಿಗಿಂತ ಕಡಿಮೆ ಇರಬಹುದು. ಆದರೆ ಒಬ್ಬೊಬ್ಬರನ್ನೇ ತೆಗೆದುಕೊಂಡರೆ ಎರಡು ಗುಂಪುಗಳೂ ಒಂದರೊಳಗೊಂದು ಬೆರೆತಿರುತ್ತವೆ. ಪಿಟಿಎಸ್‌ಡಿ ಇದ್ದೂ ಬಲವಾದ ಆಲ್ಫಾ ಇರುವವರಿದ್ದಾರೆ. ಏನೂ ತೊಂದರೆ ಇಲ್ಲದೆ, ಹುಟ್ಟಿನಿಂದಲೇ ಆಲ್ಫಾ ಕಡಿಮೆ ಇರುವವರೂ ಇದ್ದಾರೆ. ಅದಲ್ಲದೆ ಖಿನ್ನತೆ, ಆತಂಕ, ನಿದ್ದೆಗೇಡು, ಮದ್ಯ, ತಲೆಪೆಟ್ಟು, ಮಾತ್ರೆಗಳು ಎಲ್ಲವೂ ಅಲೆಗಳನ್ನು ಬದಲಿಸುತ್ತವೆ. ಪಿಟಿಎಸ್‌ಡಿ ಜೊತೆ ಇವುಗಳಲ್ಲಿ ಒಂದೆರಡು ಇದ್ದೇ ಇರುತ್ತವೆ.

ರೋಗ ಗುರುತಿಸುವುದು ಇಂದಿಗೂ ಮಾತುಕತೆಯಿಂದಲೇ. ತರಬೇತಿ ಪಡೆದ ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಕೂತು, ಕೇಳಿ, ಗೊತ್ತುಪಡಿಸಿದ ಪ್ರಶ್ನೆಗಳ ಪ್ರಕಾರ ನಿರ್ಧರಿಸುತ್ತಾರೆ. ಮೆಷಿನ್ ಇಲ್ಲ ಅಂತ ಇದನ್ನು ಕಡಿಮೆ ದರ್ಜೆಯ ಪರೀಕ್ಷೆ ಅಂದುಕೊಳ್ಳಬೇಡಿ. ಸದ್ಯಕ್ಕೆ ಇದಕ್ಕಿಂತ ಉತ್ತಮವಾದದ್ದು ಇಲ್ಲ.

ನನ್ನ ಇಇಜಿ ನಾರ್ಮಲ್ ಬಂತು. ಹಾಗಾದರೆ ಇದೆಲ್ಲ ನನ್ನ ಭ್ರಮೆಯಾ?

ಖಂಡಿತ ಅಲ್ಲ. ಆಸ್ಪತ್ರೆಯ ಇಇಜಿ ವರದಿಯಲ್ಲಿ ನಾರ್ಮಲ್ ಅಂದರೆ ಮೂರ್ಛೆರೋಗದ ಗುರುತು, ಎದ್ದುಕಾಣುವ ನಿಧಾನ ಅಲೆ, ಎಡಬಲಗಳ ದೊಡ್ಡ ವ್ಯತ್ಯಾಸ ಇಂಥವು ಕಾಣಲಿಲ್ಲ ಅಂತ ಅಷ್ಟೇ ಅರ್ಥ. ಪಿಟಿಎಸ್‌ಡಿ ಇರುವ ಬಹಳಷ್ಟು ಜನರ ವರದಿ ನಾರ್ಮಲ್ ಎಂದೇ ಬರುತ್ತದೆ. ಸಂಶೋಧನೆಯಲ್ಲಿ ಸಿಗುವ ಸೂಕ್ಷ್ಮ ವ್ಯತ್ಯಾಸಗಳನ್ನು ಕಣ್ಣಳತೆಯಲ್ಲಿ ನೋಡಲು ಬರುವುದೂ ಇಲ್ಲ, ಕಂಪ್ಯೂಟರ್ ಲೆಕ್ಕ ಬೇಕು. ಯಾರಾದರೂ ಆ ಕಾಗದ ತೋರಿಸಿ "ನೋಡು, ನಿನಗೇನೂ ಆಗಿಲ್ಲ" ಅಂದರೆ, ಆ ಕಾಗದ ಆ ಪ್ರಶ್ನೆಗೆ ಉತ್ತರವೇ ಅಲ್ಲ ಅಂತ ಧೈರ್ಯವಾಗಿ ಹೇಳಿ.

ಬ್ರೇನ್ ಮ್ಯಾಪಿಂಗ್‌ನ ಬಣ್ಣದ ಚಿತ್ರದಲ್ಲಿ ಕೆಂಪು ಬಂದಿದೆ. ಗಾಬರಿ ಆಗಬೇಕಾ?

ಆ ಚಿತ್ರ ಮಾಡುವುದು ಹೀಗೆ: ನಿಮ್ಮ ಇಇಜಿಯ ಅಂಕಿಗಳನ್ನು ಒಂದು ದತ್ತಾಂಶದಲ್ಲಿರುವ ಅದೇ ವಯಸ್ಸಿನವರ ಸರಾಸರಿ ಜೊತೆ ಹೋಲಿಸಿ, ಎಷ್ಟು ದೂರ ಇದೆಯೋ ಅದಕ್ಕೆ ತಕ್ಕ ಬಣ್ಣ ಹಾಕುತ್ತಾರೆ. ನೂರಾರು ಅಳತೆಗಳನ್ನು ಒಟ್ಟಿಗೆ ಹೋಲಿಸಿದರೆ ಆರೋಗ್ಯವಾಗಿರುವವರಲ್ಲೂ ಕೆಲವು ಕೆಂಪಾಗಿಯೇ ಬರುತ್ತವೆ. ರಾತ್ರಿ ನಿದ್ದೆ ಇಲ್ಲದಿದ್ದರೆ, ಕಾಫಿ ಕುಡಿದಿದ್ದರೆ, ಬೆವರಿದ್ದರೆ, ದವಡೆ ಬಿಗಿಹಿಡಿದಿದ್ದರೆ ಬಣ್ಣ ಬದಲಾಗುತ್ತದೆ. ಚಿತ್ರ ತೋರಿಸಿ ಅಲ್ಲೇ ದುಬಾರಿ ಪ್ಯಾಕೇಜ್‌ಗೆ ಸಹಿ ಮಾಡಿ ಅಂದರೆ ಸಹಿ ಮಾಡಬೇಡಿ. ಬೇರೆ ವೈದ್ಯರ ಅಭಿಪ್ರಾಯ ಕೇಳಿ.

ಅಧ್ಯಯನಗಳು ಒಂದೊಂದು ಒಂದೊಂದು ಥರ ಹೇಳುವುದು ಯಾಕೆ?

ಬಹಳ ಅಧ್ಯಯನಗಳು ಸಣ್ಣವು, ಮೂವತ್ತೋ ನಲವತ್ತೋ ಜನರ ಮೇಲೆ ಮಾಡಿದವು. ಅದಕ್ಕಿಂತ ದೊಡ್ಡ ಕಾರಣ, ಪಿಟಿಎಸ್‌ಡಿ ಅನ್ನುವ ಒಂದೇ ಹೆಸರಿನ ಕೆಳಗೆ ತುಂಬಾ ಬೇರೆ ಬೇರೆ ಜನ ಇದ್ದಾರೆ. ಒಬ್ಬರು ಸದಾ ಬೆಚ್ಚುತ್ತಾರೆ. ಇನ್ನೊಬ್ಬರು ಮರಗಟ್ಟಿ ಹೋಗುತ್ತಾರೆ, ತನ್ನ ಮೈಯೇ ತನ್ನದಲ್ಲ ಅನ್ನಿಸುತ್ತದೆ. ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿಯಲ್ಲಿ ಈ ಎರಡನೆಯವರಿಗೆ ಪ್ರತ್ಯೇಕ ಉಪವಿಧವನ್ನೇ ಗುರುತಿಸಿದರು. ಬಾಲ್ಯದಿಂದ ವರ್ಷಗಟ್ಟಲೆ ಹಿಂಸೆ ಅನುಭವಿಸಿದವರನ್ನೂ ಒಂದೇ ಅಪಘಾತ ಕಂಡವರನ್ನೂ ಕೂಡಿಸಿ ಸರಾಸರಿ ತೆಗೆದರೆ ಎದುರುಬದುರು ವ್ಯತ್ಯಾಸಗಳು ಒಂದನ್ನೊಂದು ಅಳಿಸಿಬಿಡುತ್ತವೆ.

ಹೋಲಿಕೆಗೆ ಯಾರನ್ನು ತೆಗೆದುಕೊಂಡರು ಅನ್ನುವುದೂ ಮುಖ್ಯ. ಅದೇ ಘಟನೆ ಕಂಡೂ ಪಿಟಿಎಸ್‌ಡಿ ಆಗದವರ ಜೊತೆ ಹೋಲಿಸಿದರೆ ಒಂದು ಉತ್ತರ, ಯಾವ ಘಟನೆಯನ್ನೂ ಕಾಣದವರ ಜೊತೆ ಹೋಲಿಸಿದರೆ ಇನ್ನೊಂದು.

ಹಾಗಾಗಿ ಈಗ ಕೆಲವು ತಂಡಗಳು ಒಂದೊಂದು ಅಲೆಯ ಬಲ ನೋಡುವುದರ ಬದಲು ಮೆದುಳಿನ ಬೇರೆ ಬೇರೆ ಭಾಗಗಳ ಲಯ ಒಂದಕ್ಕೊಂದು ಹೇಗೆ ಹೊಂದುತ್ತದೆ ಅಂತ ನೋಡುತ್ತಿವೆ. ಆ ಹೊಂದಾಣಿಕೆಯ ಮೇಲೆ ಜನರನ್ನು ಗುಂಪು ಮಾಡಿ, ಯಾರಿಗೆ ಯಾವ ಚಿಕಿತ್ಸೆ ಹಿಡಿಸಬಹುದು ಅಂತ ಮೊದಲೇ ಊಹಿಸುವ ಪ್ರಯತ್ನ ನಡೆದಿದೆ. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ತುಂಬಾ ಭರವಸೆ ಇರುವ ದಾರಿ ಇದೇ. ರೋಗ ಇದೆಯೇ ಅನ್ನುವುದು ಮಾತಿನಲ್ಲೇ ತಿಳಿಯುತ್ತದೆ. ಯಾವ ಚಿಕಿತ್ಸೆಯಿಂದ ಶುರು ಮಾಡಬೇಕು ಅನ್ನುವುದು ಮಾತಿನಲ್ಲಿ ತಿಳಿಯುವುದಿಲ್ಲ.

ಈ ಬದಲಾವಣೆ ಆಘಾತದಿಂದ ಬಂದದ್ದಾ, ಮೊದಲೇ ಇತ್ತಾ?

ಎರಡೂ ಇರಬಹುದು. ಅಲೆಗಳ ವಿಷಯದಲ್ಲಿ ಇದು ಇತ್ಯರ್ಥವಾಗಿಲ್ಲ, ಯಾಕೆಂದರೆ ಘಟನೆಗೆ ಮೊದಲಿನ ಇಇಜಿ ಹೆಚ್ಚಿನವರ ಹತ್ತಿರ ಇರುವುದಿಲ್ಲ. ಹತ್ತಿರದ ಒಂದು ಉದಾಹರಣೆ ಇದೆ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಪಿಟಿಎಸ್‌ಡಿ ಇರುವವರಲ್ಲಿ ಚಿಕ್ಕದಿರುವುದನ್ನು ಕಂಡು ಆಘಾತವೇ ಅದನ್ನು ಕುಗ್ಗಿಸಿತು ಅಂದುಕೊಂಡಿದ್ದರು. 2002ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರನ್ನೂ ಯುದ್ಧಕ್ಕೇ ಹೋಗದ ಅವರ ಅವಳಿ ಸೋದರರನ್ನೂ ಹೋಲಿಸಿದಾಗ, ಮನೆಯಲ್ಲಿದ್ದ ಅವಳಿಯಲ್ಲೂ ಅದು ಚಿಕ್ಕದಾಗಿಯೇ ಇತ್ತು. ಇದರಿಂದ "ನಾನೇ ದುರ್ಬಲ" ಅಂತ ತೀರ್ಮಾನಿಸಬೇಡಿ. ದೇಹದ ಯಾವ ಗುಣವೂ ಆಘಾತವಿಲ್ಲದೆ ಪಿಟಿಎಸ್‌ಡಿ ತರುವುದಿಲ್ಲ.

ನ್ಯೂರೋಫೀಡ್‌ಬ್ಯಾಕ್ ಅಂದರೇನು? ಕೆಲಸ ಮಾಡುತ್ತದಾ?

ನಿಮ್ಮ ಅಲೆಗಳನ್ನು ಆ ಕ್ಷಣದಲ್ಲೇ ಅಳೆದು, ಪರದೆಯ ಮೇಲಿನ ಚಿತ್ರವಾಗಿಯೋ ಸದ್ದಾಗಿಯೋ ನಿಮಗೇ ತೋರಿಸುತ್ತಾರೆ. ಬೇಕಾದ ಲಯ ಬಂದಾಗ ಚಿತ್ರ ತಿಳಿಯಾಗುತ್ತದೆ. ಅದನ್ನು ನೋಡಿ ನೋಡಿ ಮೆದುಳು ಆ ಲಯಕ್ಕೆ ಬರುವುದನ್ನು ಕಲಿಯುತ್ತದೆ ಅನ್ನುವುದು ಇದರ ಹಿಂದಿನ ಆಲೋಚನೆ.

ವಿಯೆಟ್ನಾಂ ಯೋಧರಿಗೆ ಆಲ್ಫಾ ಮತ್ತು ಥೀಟಾ ಹೆಚ್ಚಿಸುವ ತರಬೇತಿ ಕೊಟ್ಟ ಪೆನಿಸ್ಟನ್ ಮತ್ತು ಕುಲ್ಕೋಸ್ಕಿ ಅವರ 1991ರ ವರದಿಯಿಂದ ಇದು ಸುದ್ದಿಯಾಯಿತು. 2014ರಲ್ಲಿ ಕೆನಡಾದ ಒಂದು ತಂಡ ಉಲ್ಟಾ ದಾರಿ ಹಿಡಿಯಿತು. ಆಲ್ಫಾವನ್ನು ತಗ್ಗಿಸುವ ಅರ್ಧ ಗಂಟೆಯ ಅಭ್ಯಾಸ ಕೊಟ್ಟಿತು. ಅಭ್ಯಾಸ ನಿಲ್ಲಿಸಿದ ಮೇಲೆ ಆಲ್ಫಾ ಪುಟಿದು ಮೇಲೇರಿತು, ಆ ಏರಿಕೆಯ ಜೊತೆಗೇ ಮನಸ್ಸು ಶಾಂತವಾಗುವುದೂ ಕಂಡಿತು. 2016ರಲ್ಲಿ ಅಮೆರಿಕದಲ್ಲಿ ಬಹುಕಾಲದ ಪಿಟಿಎಸ್‌ಡಿ ಇದ್ದ 52 ಜನರ ಮೇಲೆ ನಡೆದ ಅಧ್ಯಯನದಲ್ಲಿ 24 ಸೆಷನ್ ಪಡೆದವರು, ಸರದಿಗಾಗಿ ಕಾಯುತ್ತಿದ್ದವರಿಗಿಂತ ಚೆನ್ನಾಗಿ ಸುಧಾರಿಸಿದರು.

ಖುಷಿಯ ಸುದ್ದಿ, ಆದರೆ ಒಂದು ಕೊರತೆ ಇದೆ. ಕಾಯುವವರ ಜೊತೆ ಹೋಲಿಸಿದರೆ, ಒಳ್ಳೆಯದಾಗಿದ್ದು ಅಲೆಯ ತರಬೇತಿಯಿಂದಲೋ, ವಾರಕ್ಕೆರಡು ಸಲ ಕಾಳಜಿಯ ಜನರ ನಡುವೆ ಕೂತದ್ದರಿಂದಲೋ ಅಂತ ಹೇಳಲು ಬರುವುದಿಲ್ಲ. ಎಂಆರ್‌ಐ ಸಹಾಯದಿಂದ ಅಮಿಗ್ಡಾಲಾದ ಚಟುವಟಿಕೆಯನ್ನು ಇಇಜಿಯಲ್ಲೇ ಊಹಿಸುವ ಪ್ರಿಸ್ಮ್ ಎಂಬ ಸಾಧನಕ್ಕೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದೂ ಬೇರೆ ಚಿಕಿತ್ಸೆಯ ಜೊತೆಗೆ ಬಳಸಲಿಕ್ಕೆ, ಅದರ ಬದಲಿಗಲ್ಲ. ನ್ಯೂರೋಫೀಡ್‌ಬ್ಯಾಕ್ ಮಾಡಿಸಿಕೊಳ್ಳುವುದಾದರೆ ಇದೇ ಥರ, ಮುಖ್ಯ ಚಿಕಿತ್ಸೆಯನ್ನು ಬಿಡದೆ ಮಾಡಿಸಿಕೊಳ್ಳಿ.

ಮುಖ್ಯ ಚಿಕಿತ್ಸೆ ಅಂದರೆ ಯಾವುದು? ಅದರಿಂದ ಅಲೆಗಳೂ ಬದಲಾಗುತ್ತವಾ?

ಆಘಾತದ ನೆನಪಿನ ಮೇಲೇ ಕೆಲಸ ಮಾಡುವ ಮಾತಿನ ಚಿಕಿತ್ಸೆಗಳು. ಸುರಕ್ಷಿತ ಜಾಗದಲ್ಲಿ ನೆನಪನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುವುದು, ಘಟನೆಯ ಸುತ್ತ ಬೆಳೆದ "ತಪ್ಪು ನನ್ನದೇ" ಥರದ ನಂಬಿಕೆಗಳನ್ನು ಪರಿಶೀಲಿಸುವುದು, ಕಣ್ಣಿನ ಚಲನೆ ಬಳಸುವ ಇಎಂಡಿಆರ್. ಮಾತ್ರೆಗಳಲ್ಲಿ ಸರ್ಟ್ರಾಲಿನ್ ಮತ್ತು ಪ್ಯಾರಾಕ್ಸೆಟಿನ್‌ಗೆ ಎಫ್‌ಡಿಎ ಒಪ್ಪಿಗೆ ಇದೆ. ಮೇಲೆ ಹೇಳಿದ ಡಯಾಜೆಪಾಮ್ ಥರದ ಮಾತ್ರೆಗಳನ್ನು ಪಿಟಿಎಸ್‌ಡಿಗೆ ದೀರ್ಘಕಾಲ ಕೊಡಬಾರದು ಎನ್ನುವುದು ಈಗಿನ ಮಾರ್ಗಸೂಚಿ. ಆದರೆ ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ನೀವೇ ನಿಲ್ಲಿಸಬೇಡಿ. ಹಠಾತ್ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ.

ಅಲೆಗಳು ಬದಲಾಗುವುದುಂಟು, ಆದರೆ ಎಲ್ಲರಲ್ಲೂ ಒಂದೇ ಥರ ಅಲ್ಲ. ಸುಧಾರಣೆ ಅಳೆಯಲು ಅಲೆ ನೋಡಬೇಕಿಲ್ಲ. ರಾತ್ರಿ ಎಷ್ಟು ನಿದ್ದೆ ಬಂತು, ತಪ್ಪಿಸುತ್ತಿದ್ದ ದಾರಿಯಲ್ಲಿ ಮತ್ತೆ ಓಡಾಡಲು ಆಯಿತಾ, ಮಕ್ಕಳ ಮೇಲೆ ರೇಗುವುದು ಕಡಿಮೆಯಾಯಿತಾ, ಅದನ್ನು ನೋಡಿ.

ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಯಾವ ಪರೀಕ್ಷೆಗೂ ಕಾಯಬೇಡಿ. ಇವತ್ತೇ ಹತ್ತಿರದವರಿಗೆ ಹೇಳಿ, ವೈದ್ಯರನ್ನು ಕಾಣಿ.

ಮನೆಯಲ್ಲೇ ಹಾಕಿಕೊಳ್ಳುವ ಇಇಜಿ ಹೆಡ್‌ಬ್ಯಾಂಡ್ ತಗೋಬಹುದಾ?

ಧ್ಯಾನದ ಅಭ್ಯಾಸಕ್ಕೆ ಸಹಾಯವಾದರೆ ಸರಿ. ಅದರಲ್ಲಿ ನಾಲ್ಕಾರು ಎಲೆಕ್ಟ್ರೋಡ್ ಮಾತ್ರ ಇರುತ್ತವೆ, ಅದೂ ಹೆಚ್ಚಾಗಿ ಹಣೆಯ ಮೇಲೆ, ಕಣ್ಣು ಮಿಟುಕಿಸುವುದು ತುಂಬಾ ಸಿಗುವ ಜಾಗದಲ್ಲಿ. "ಇವತ್ತು ನನ್ನ ಸ್ಕೋರ್ ಕೆಟ್ಟದಾಗಿದೆ" ಅಂತ ಚಿಂತೆ ಶುರುವಾದರೆ ತೆಗೆದಿಟ್ಟುಬಿಡಿ.

ಮಕ್ಕಳ ಇಇಜಿಯನ್ನೂ ಹೀಗೇ ಓದಬಹುದಾ?

ಇಲ್ಲ. ಮಕ್ಕಳ ಅಲೆಗಳು ಸಹಜವಾಗಿಯೇ ನಿಧಾನ. ಮೂರು ವರ್ಷದ ಹೊತ್ತಿಗೆ ಹಿಂಭಾಗದ ಲಯ ಸುಮಾರು 8 ಹರ್ಟ್ಜ್ ಇದ್ದು, ಬೆಳೆಯುತ್ತಾ 10ರ ಹತ್ತಿರ ಬರುತ್ತದೆ. ದೊಡ್ಡವರ ಅಳತೆ ಅವರಿಗೆ ಹೊಂದುವುದಿಲ್ಲ.

ವೈದ್ಯರು ಇಇಜಿ ಬರೆದುಕೊಟ್ಟಿದ್ದಾರೆ. ಹೋಗಲು ಭಯ ಆಗುತ್ತಿದೆ. ಏನು ಮಾಡಲಿ?

ನೋವಿಲ್ಲ, ತಲೆಯೊಳಗೆ ಕರೆಂಟ್ ಬಿಡುವುದಿಲ್ಲ, ನಿಮ್ಮ ಯೋಚನೆಗಳನ್ನು ಅದು ಓದುವುದೂ ಇಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆಯ ಕೆಲಸ. ತಲೆಗೆ ಎಣ್ಣೆ ಹಚ್ಚದೆ, ತೊಳೆದುಕೊಂಡು ಹೋಗಿ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ.

ಆಘಾತ ಅನುಭವಿಸಿದವರಿಗೆ ಕಷ್ಟವಾಗುವುದು ಬೇರೆ ಸಂಗತಿಗಳು. ಅಪರಿಚಿತರು ತಲೆ ಮುಟ್ಟುತ್ತಾರೆ. ಅರೆಗತ್ತಲ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಬೇಕು. ನಡುವೆ ಮೂರು ನಿಮಿಷ ಜೋರಾಗಿ ಉಸಿರಾಡಲು ಹೇಳುತ್ತಾರೆ, ಕಣ್ಣೆದುರು ಬೆಳಕನ್ನು ಮಿನುಗಿಸುತ್ತಾರೆ. ಜೋರು ಉಸಿರಾಟದಿಂದ ಎದೆ ಹೊಡೆದುಕೊಂಡು ಪ್ಯಾನಿಕ್ ಬರಬಹುದು, ಮಿನುಗು ಬೆಳಕು ಕೆಲವರಿಗೆ ಆ ಘಟನೆಯನ್ನೇ ನೆನಪಿಸಬಹುದು. ಹಾಗಾಗಿ ಟೆಕ್ನಿಷಿಯನ್‌ಗೆ ಮೊದಲೇ ಹೇಳಿಬಿಡಿ. ಕಥೆ ಬಿಡಿಸಿ ಹೇಳಬೇಕಿಲ್ಲ, "ನನಗೆ ಪಿಟಿಎಸ್‌ಡಿ ಇದೆ, ಮುಟ್ಟುವ ಮೊದಲು ಹೇಳಿ, ಈ ಎರಡು ಭಾಗ ಬೇಕೇ ಬೇಕಾ?" ಅಂದರೆ ಸಾಕು. ಅವು ಮುಖ್ಯವಾಗಿ ಫಿಟ್ಸ್ ಪತ್ತೆಗೆ ಇರುವುದು, ನಿಮ್ಮ ವೈದ್ಯರು ಒಪ್ಪಿದರೆ ಬಿಡಬಹುದು. ನಂಬಿಕೆಯವರೊಬ್ಬರು ಕೋಣೆಯಲ್ಲಿ ಇರಬಹುದಾ ಅಂತ ಕೇಳಿ. ಕೈ ಎತ್ತಿದರೆ ನಿಲ್ಲಿಸಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಪರೀಕ್ಷೆ ಮುಗಿದ ಮೇಲೆ ಅಂಟು ತೊಳೆದುಕೊಂಡು ಸ್ವಲ್ಪ ಹೊತ್ತು ಕೂತು, ಸುಧಾರಿಸಿಕೊಂಡು ಹೊರಡಿ.